ಬಂದಾದ ಮಿಲ್ಲಿನ ಜಾಗಾದಾಗ ಅಂಗಡಿ, ಮನಿ ಕಟ್ಟೋದು ಹ್ಯಾಂಗ: ಪೈಲಾ ಏನು, ಆಮ್ಯಾಲ ಏನು

ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲಾದಾಗ ಊರ ಅಂಚಿಗಿ ಬಂದಾಗಿ ಬಿದ್ದ ದಾಲ್ ಮಿಲ್, ಜಿನ್ನಿಂಗ್ ಫ್ಯಾಕ್ಟರಿ (ಹತ್ತಿಯಿಂದ ಬೀಜ ಬಿಡಸೋದು), ಎಣ್ಣಿ ಮಿಲ್, ಫರ್ಸಿ (ಹಾಸುಗಲ್ಲು) ಪಾಲಿಶ್ ಯುನಿಟ್ ಭಾಳ ಅವ. ಮಷಿನ್ ಸ್ಕ್ರ್ಯಾಪಿಗಿ ಹೋಗ್ಯಾವ, ಊರು ಬೆಳಕೋತ ಬೆಳಕೋತ ಮಿಲ್ಲಿನ ಗ್ವಾಡಿ ತನಕ ಬಂದದ, ಈಗ ಮಾಲಕರ ಮಕ್ಕಳೋ ಊರಾಗಿನ ನಾಕು ಮಂದಿ ಕೂಡಿಯೋ ಅಲ್ಲಿ ರೋಡಿಗಿ ಅಂಗಡಿ, ಹಿಂದ ಮನಿ ಮಾಡ್ಬೇಕಂತ ಹೊಂಟಾರ. ಅವರೆಲ್ಲ ಮತ್ತ ಮತ್ತ ಕೇಳೋದು ಒಂದೇ, ಎಲ್ಲಿಂದ ಶುರು ಮಾಡ್ಬೇಕು ಅಂತ. ಅದಕ್ಕೇ ಇದನ್ನ ಒಂದೇ ಕಡಿ ಪೂರಾ ಬರೆದೀನಿ.

ಒಂದು ಮಾತು ಮೊದಲೇ ಹೇಳ್ತೀನಿ. ಜೆಸಿಬಿ ಕರೆಸೋದು ಕಡೀ ಕೆಲಸ, ಪೈಲಾ ಕೆಲಸ ಅಲ್ಲ. ಭಾಳ ಮಂದಿ ಶೆಡ್ ಕೆಡವಿ ಜಾಗಾ ಸಾಪ್ ಮಾಡ್ಸಿ ಆಮ್ಯಾಲ ಕಾಗದ ಹುಡುಕಾಕ ಹೋಗ್ತಾರ, ಆಗ ಗೊತ್ತಾಗ್ತದ ಅಲ್ಲಿ ಮನಿ ಕಟ್ಟಾಕೇ ಬರಂಗಿಲ್ಲಂತ, ಅಷ್ಟೊತ್ತಿಗಿ ಉಪಯೋಗಕ್ಕ ಬರೋ ಗೋದಾಮೂ ಹೋಗಿರ್ತದ.

ಕೈಯಾಗ ಏನೇನಿರಬೇಕು

ಪಹಣಿ, ಮ್ಯುಟೇಶನ್ ನಕಲು, ಎನ್ಎ ಆದೇಶ (ಹೊಲವನ್ನ ಬ್ಯಾಸಾಯ ಬಿಟ್ಟು ಬ್ಯಾರೆ ಕೆಲಸಕ್ಕ ಬಳಸಾಕ ಡಿಸಿ ಕೊಟ್ಟ ಪರವಾನಗಿ), ಸರ್ವೇ ಸ್ಕೆಚ್, ಋಣಭಾರ ಪತ್ರ ಅಂದ್ರ ಇಸಿ, ಪಂಚಾಯ್ತಿ ತೆರಿಗೆ ರಸೀದಿ, ಜೆಸ್ಕಾಂ ಬಿಲ್ಲು, ಮಿಲ್ಲಿನ ಹಳೇ ಲೈಸೆನ್ಸ್‌ಗಳು. ಇಷ್ಟನ್ನ ಒಂದು ಫೈಲಿನಾಗ ಹಾಕ್ಕೋರಿ. ಒಬ್ಬ ವಕೀಲರು, ಒಬ್ಬ ಸಿವಿಲ್ ಎಂಜಿನಿಯರು ಬೇಕೇ ಬೇಕು, ಇಬ್ಬರೂ ಲೋಕಲ್ ಇದ್ರ ಚಲೋ.

ಹಂತ 1: ಆ ಜಾಗಾ ಕಾಗದದಾಗ ಏನದ ಅಂತ ನೋಡ್ರಿ

ಎಲ್ಲಕ್ಕಿಂತ ಹೆಚ್ಚು ಟೈಮ್ ಇಲ್ಲೇ ಕೊಡ್ರಿ. ನೀವು ಕೊಳ್ಳೋದು ಬರೀ ಮಣ್ಣಲ್ಲ, ಆ ಮಣ್ಣಿನ ಮ್ಯಾಲ ಏನು ಮಾಡಬಹುದು ಅನ್ನೋ ಹಕ್ಕು.

ಎನ್ಎ ಆದೇಶ ತಗದು ಉದ್ದೇಶ ಏನು ಬರದಾರ ಅಂತ ಓದ್ರಿ. 1964ರ ಭೂಕಂದಾಯ ಕಾಯ್ದೆ 95ನೇ ಕಲಂ ಅಡಿ ಆಗಿನ ಡಿಸಿ "ಕೈಗಾರಿಕಾ ಉದ್ದೇಶಕ್ಕೆ" ಅಂತ ಕೊಟ್ಟಿದ್ರ ಅದು ಕೈಗಾರಿಕೆಗೇ, ಮನಿಗಲ್ಲ, ಅಂಗಡಿಗೂ ಅಲ್ಲ. "ಎನ್ಎ ಆಗ್ಯಾದ ರೀ, ಇನ್ನೇನು ಬೇಕು" ಅಂತ ಬ್ರೋಕರ್ ಹೇಳ್ತಾರ, ನಂಬಬ್ಯಾಡ್ರಿ, ಉದ್ದೇಶ ಬದಲಾಯಿಸಾಕ ಮತ್ತ ಅರ್ಜಿ ಹಾಕ್ಬೇಕಾಗ್ತದ. ಕೆಲವು ಕಡಿ ಎಂಟು ಎಕರೆ ಮಿಲ್ಲಿನಾಗ ಶೆಡ್ ಇದ್ದ ಎರಡು ಎಕರೆಗಷ್ಟೇ ಎನ್ಎ ಆಗಿರ್ತದ, ಉಳಿದದ್ದು ಪಹಣ್ಯಾಗ ಇನ್ನೂ ಹೊಲಾನೇ. ಆಗ ಆ ಭಾಗಕ್ಕ 11ಇ ಸ್ಕೆಚ್, ಅಂದ್ರ ಸರ್ವೇದವರು ಅಳದು ಕೊಡೋ ಪೋಡಿ ಪೂರ್ವ ನಕ್ಷೆ, ಬ್ಯಾರೇನೇ ಮಾಡಿಸ್ಬೇಕು.

ಆಮ್ಯಾಲ ಈ ನಾಕು ಗಂಟು ಅವ ಏನು ನೋಡ್ರಿ, ಒಂದಿದ್ರೂ ಅಲ್ಲೇ ನಿಲ್ರಿ.

ಒಂದು, ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಪ್ಲಾಟು. ಕಪನೂರು, ನಂದೂರು-ಕೆಸರಟಗಿ, ಬೀದರಿನ ಕೊಳಾರ, ಯಾದಗಿರಿ ಕಡಿ ಕಡೇಚೂರು-ಬಾಡಿಯಾಳ, ಇಂಥಾ ಕೈಗಾರಿಕಾ ಪ್ರದೇಶದ ಒಳಗಿನ ಪ್ಲಾಟು ಕೈಗಾರಿಕೆ ನಡೆಸ್ರಿ ಅಂತ ಮಂಡಳಿ ಕೊಟ್ಟದ್ದು, ಭಾಳಷ್ಟು ಲೀಸ್ ಕಂ ಸೇಲ್ ಮ್ಯಾಲ ಇರ್ತಾವ, ಅಂದ್ರ ಪೈಲಾ ಗುತ್ತಿಗಿ, ಷರತ್ತು ಪೂರಾ ಮಾಡಿದ ಮ್ಯಾಲ ಕ್ರಯ. ಅಲ್ಲಿ ಮನಿ ಲೇಔಟ್ ಆಸೆ ಬಿಟ್ಟುಬಿಡ್ರಿ.

ಎರಡು, ಭೂಸುಧಾರಣಾ ಕಾಯ್ದೆ 109ನೇ ಕಲಂ ಅಡಿ ಕೈಗಾರಿಕೆಗಂತಲೇ ವಿನಾಯ್ತಿ ಪಡೆದು ಕೊಂಡ ಜಮೀನು. ವಿನಾಯ್ತಿ ಕೊಟ್ಟ ಉದ್ದೇಶ ಬಿಟ್ಟು ಬ್ಯಾರೆ ಮಾಡಿದ್ರ ಜಮೀನು ಸರ್ಕಾರಕ್ಕ ವಾಪಸ್ ಹೋಗೋ ಅಪಾಯ ಇರ್ತದ, ವಕೀಲರಿಗಿ ಆ ಆದೇಶದ ಷರತ್ತು ಒಂದೊಂದು ಓದಸ್ರಿ.

ಮೂರು, ಪಿಟಿಸಿಎಲ್. ಪರಿಶಿಷ್ಟ ಜಾತಿ, ಪಂಗಡದವರಿಗಿ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಒಪ್ಪಿಗಿ ಇಲ್ಲದ ಮಾರಿದ್ರ 1978ರ ಕಾಯ್ದೆ ಪ್ರಕಾರ ಆ ಮಾರಾಟ ನಿಲ್ಲಂಗಿಲ್ಲ, 2023ರ ತಿದ್ದುಪಡಿ ಆದ ಮ್ಯಾಲ "ಭಾಳ ವರ್ಷ ಆಗ್ಯಾವ" ಅನ್ನೋ ನೆಪಾನೂ ನಡೆಯಂಗಿಲ್ಲ. ಮಿಲ್ ನಲವತ್ತು ವರ್ಷ ನಡೆದದ ಅಂದ್ರೂ ಮೂಲ ಯಾರದಂತ ನೋಡ್ಲೇಬೇಕು. ಇದು ಕಾನೂನಿನ ಭಯಕ್ಕಷ್ಟೇ ಅಲ್ಲ, ಅದು ಒಬ್ಬ ಬಡವರ ಜಮೀನು ಇದ್ರ ಅವರಿಗಿ ಸೇರಬೇಕಾದ್ದು ಸೇರಲಿ.

ನಾಕು, ಇನಾಮು (ರಾಜರ ಕಾಲದಾಗ ಬಿಟ್ಟುಕೊಟ್ಟದ್ದು), ವಕ್ಫ್, ದೇವಸ್ಥಾನದ ಜಮೀನು. ನಮ್ ಕಡಿ 1948ರ ತನಕ ನಿಜಾಮ್ ರಾಜ್ಯ, 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯ. ಹಂಗಾಗಿ ಹಳೇ ದಾಖಲಿ ಉರ್ದುದಾಗ ಇರ್ತಾವ, ಸೇತ್ವಾರ್, ಖಾಸ್ರಾ ಪಹಣಿ ಅಂತ ಹೆಸರು ಕೇಳೇ ಇರ್ತೀರಿ. "ಯಾರಿಗೂ ಓದಾಕ ಬರಂಗಿಲ್ಲ, ಬಿಡ್ರಿ" ಅನ್ನೋದು ದೊಡ್ಡ ತಪ್ಪು. ಉರ್ದು ಬಲ್ಲವರಿಂದ ಓದಿಸಿ ಅನುವಾದ ಬರೆಸಿ ಇಟ್ಕೋರಿ, ಬ್ಯಾಂಕಿನ ವಕೀಲರೂ ಆಮ್ಯಾಲ ಅದನ್ನೇ ಕೇಳ್ತಾರ.

ಹಂತ 2: ಹಳೇ ಬಾಕಿ ಯಾರ ತಲಿ ಮ್ಯಾಲ ಬರ್ತದ

ಇಸಿ ಒಂದೇ ನೋಡಿ ಸುಮ್ಮನಾಗಬ್ಯಾಡ್ರಿ. ಬರೀ ಕಾಗದ ಇಟ್ಟು ತಗೊಂಡ ಸಾಲ ಕೆಲವೊಮ್ಮಿ ಇಸ್ಯಾಗ ಕಾಣಂಗಿಲ್ಲ, ಅದಕ್ಕ ಸೆರ್ಸಾಯ್ (ಬ್ಯಾಂಕಿನ ಅಡಮಾನಗಳ ಕೇಂದ್ರ ನೋಂದಣಿ) ಹುಡುಕಾಟ ಮಾಡಿಸ್ರಿ. ಮಿಲ್ ಕಂಪನಿ ಹೆಸರಿನಾಗ ಇದ್ರ ಕಂಪನಿ ಇಲಾಖೆ ವೆಬ್‌ಸೈಟಿನಾಗ ಚಾರ್ಜ್, ಅಂದ್ರ ಕಂಪನಿ ಆಸ್ತಿ ಮ್ಯಾಲ ಇರೋ ಸಾಲದ ನೋಂದಣಿ, ನೋಡ್ರಿ.

ಕರೆಂಟ್ ಬಾಕಿ ಬಗ್ಗೆ ಮಂದಿಗಿ ತಪ್ಪು ತಿಳುವಳಿಕಿ ಅದ. ಹಳೇ ಮಾಲಕರ ಬಿಲ್ಲು ನಮಗೇನು ಅಂತಾರ. ವಿದ್ಯುತ್ ನಿಯಮದಾಗ ಅವಕಾಶ ಇದ್ರ ಆ ಜಾಗಾದ ಹಳೇ ಬಾಕಿಯನ್ನ ಹೊಸ ಮಾಲಕರಿಂದನೂ ಕೇಳಬಹುದಂತ ಸುಪ್ರೀಂ ಕೋರ್ಟು 2023ರಾಗ ಹೇಳ್ಯಾದ. ಮಿಲ್ಲಿನ ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್ ಬಾಕಿ ಅಂದ್ರ ಸಣ್ಣ ರಕಮ್ ಇರಂಗಿಲ್ಲ, ಬಡ್ಡಿ ಸೇರಿ ಬೆಳದಿರ್ತದ. ಜೆಸ್ಕಾಂದಿಂದ ಬಾಕಿ ಇಲ್ಲ ಅನ್ನೋ ಪತ್ರ ಬರೆಸಿಕೊಂಡೇ ಅಡ್ವಾನ್ಸ್ ಕೊಡ್ರಿ. ಕಾರ್ಮಿಕರ ಪಿಎಫ್ ಬಾಕಿನೂ ಹಿಂಗೇ, ಪಿಎಫ್ ಕಾನೂನಿನ ಪ್ರಕಾರ ಸಂಸ್ಥೆ ಕೊಂಡವರ ಮ್ಯಾಲೂ ಹೊಣೆ ಬರ್ತದ.

ಬ್ಯಾಂಕ್ ಹರಾಜಿನಾಗ ಕೊಳ್ಳೋರಿದ್ರ ಇನ್ನೊಂದಿಷ್ಟು. ಹರಾಜಿನ ನೋಟಿಸಿನಾಗ "ಇದ್ದಲ್ಲಿ ಇದ್ದಂತೆ" ಅಂತ ಬರೆದಿರ್ತಾರ, ಅಂದ್ರ ಬಾಕಿ, ಜಗಳ, ಒಳಗ ಕುಂತ ಮಂದಿ ಎಲ್ಲ ನಿಮ್ಮ ಪಾಲಿಗೇ. ಸಾಂಕೇತಿಕ ಸ್ವಾಧೀನ ಅಂತಿದ್ರ ಬ್ಯಾಂಕಿನ ಕೈಯಾಗ ಬರೀ ಕಾಗದ ಅದ, ಕೀಲಿ ಇಲ್ಲ. ಬಿಡ್ ಒಪ್ಪಿದ ದಿನ ಇಲ್ಲಾ ಮರುದಿನದೊಳಗ 25% ಕಟ್ಟಬೇಕು, ಉಳಿದದ್ದು ಸಾಮಾನ್ಯವಾಗಿ ಮಾರಾಟ ಖಾತ್ರಿ ಆದ 15 ದಿನದಾಗ, ಆಗಲಿಲ್ಲಂದ್ರ ಕಟ್ಟಿದ್ದು ಮುಟ್ಟುಗೋಲು. ಬ್ಯಾಂಕ್ ಲೋನ್ ಬರ್ತದ ಅನ್ನೋ ಭರವಸಿ ಮ್ಯಾಲ ಬಿಡ್ ಮಾಡಬ್ಯಾಡ್ರಿ, ಹಳೇ ಮಿಲ್ಲಿಗಿ ಅಷ್ಟು ಜಲ್ದಿ ಲೋನ್ ಆಗಂಗಿಲ್ಲ.

ನೋಂದಣಿ ಖರ್ಚು ಲೆಕ್ಕ ಹಾಕುವಾಗ ಸ್ಟ್ಯಾಂಪ್ ಡ್ಯೂಟಿ 5% ಮತ್ತ ಅದರ ಮ್ಯಾಲಿನ ಸೆಸ್, ಸರ್ಚಾರ್ಜ್ ಜೋಡಿ ನೋಂದಣಿ ಶುಲ್ಕ 2% ಅಂತ ಹಿಡೀರಿ, 2025ರ ಆಗಸ್ಟ್ 31ರಿಂದ ಅದು 1% ಇದ್ದದ್ದು 2% ಆಗ್ಯಾದ. ಕ್ರಯ 50 ಲಕ್ಷ ಮುಟ್ಟಿದ್ರ ಮಾರೋರಿಗಿ ಕೊಡೋ ರೊಕ್ಕದಾಗ 1% ಟಿಡಿಎಸ್ (ಆದಾಯ ತೆರಿಗಿ) ಹಿಡದು ಕಟ್ಟೋದು ಕೊಳ್ಳೋರ ಕೆಲಸ.

ಹಂತ 3: ನೆಲದಾಗ ಏನು ಉಳಿದದ

ಇದನ್ನ ಬಿಟ್ಟು ಮುಂದ ಹೋಗೋರೇ ಹೆಚ್ಚು, ಆದ್ರ ಆ ಮಣ್ಣಿನ ಮ್ಯಾಲ ಕೂಸುಗಳು ಆಡೋವ, ಆ ಬಾವಿ ನೀರು ಮನಿಯವರು ಕುಡಿಯೋವರು. ಅದಕ್ಕ ಯಾವ ಕಾರಖಾನಿ ಇತ್ತು ಅನ್ನೋದರ ಮ್ಯಾಲ ಹುಡುಕ್ರಿ.

ದಾಲ್ ಮಿಲ್ ಇದ್ರ ಮಣ್ಣಿನ ತೊಂದರಿ ಕಡಿಮಿ, ಗೋದಾಮಿನ ತೊಂದರಿ ಹೆಚ್ಚು. ತೊಗರಿಗಿ ಹುಳ ಹತ್ತಬಾರದಂತ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗಿ ಇಡ್ತಿದ್ರು, ಅದರ ಡಬ್ಬಿ, ಪುಡಿ ಮೂಲ್ಯಾಗ ಉಳಿದಿರಬಹುದು. ನೀರು ತಾಗಿದ್ರ ವಿಷದ ಗಾಳಿ ಬಿಡ್ತದ. ಬಾಗಿಲ, ಕಿಡಕಿ ಎಲ್ಲ ತೆರದು ಒಂದೆರಡು ದಿನ ಗಾಳಿ ಆಡಾಕ ಬಿಟ್ಟು ಆಮ್ಯಾಲ ಒಳಗ ಹೋಗ್ರಿ, ಸಿಕ್ಕ ಡಬ್ಬಿ ಮುಟ್ಟಬ್ಯಾಡ್ರಿ, ತೊಳಿಯಾಕಂತೂ ಹೋಗಲೇಬ್ಯಾಡ್ರಿ, ಫ್ಯುಮಿಗೇಶನ್ ಲೈಸೆನ್ಸ್ ಇದ್ದವರನ್ನ ಕರೀರಿ.

ಎಣ್ಣಿ ಮಿಲ್, ಜಿನ್ನಿಂಗ್ ಇದ್ರ ಎಣ್ಣಿ ಕುಡಿದ ಕರೀ ಮಣ್ಣು, ನೆಲದಾಗ ಹುಗಿದ ಡೀಸೆಲ್ ಟ್ಯಾಂಕು, ಪ್ರೆಸ್ಸಿನ ಗುಂಡಿ ನೋಡ್ರಿ. ಖಾಲಿ ಡೀಸೆಲ್ ಟ್ಯಾಂಕಿಗಿ ಗ್ಯಾಸ್ ಕಟರ್ ಹಚ್ಚೋದು ಅಂದ್ರ ಸಾವು ಕರದಂಗ, ಒಳಗ ಆವಿ ಇರ್ತದ, ಸ್ಫೋಟ ಆಗ್ತದ. ಸ್ಕ್ರ್ಯಾಪಿನವರು "ಖಾಲಿ ಅದ ರೀ" ಅಂತಾರ, ಒಪ್ಪಬ್ಯಾಡ್ರಿ.

ಶಹಾಬಾದ್, ಚಿತ್ತಾಪುರ, ಸೇಡಂ ಕಡಿ ಫರ್ಸಿ ಪಾಲಿಶ್ ಯುನಿಟ್ ಇದ್ರ ಸ್ಲರಿ, ಅಂದ್ರ ಕಲ್ಲು ಕೊಯ್ದ ಹಾಲಿನಂಥಾ ರಾಡಿ ಒಣಗಿ ಗಟ್ಟಿಯಾದದ್ದು, ಆಳಕ್ಕ ತುಂಬಿರ್ತದ. ಮ್ಯಾಲ ನೋಡಾಕ ಗಟ್ಟಿ ನೆಲ, ಮಳಿ ಬಂದ್ರ ಮೆತ್ತಗ. ಅದರ ಮ್ಯಾಲ ಪಾಯಾ ಹಾಕಾಕ ಬರಂಗಿಲ್ಲ, ನೀರೂ ಇಂಗಂಗಿಲ್ಲ. ಅಕ್ಕಿ ಮಿಲ್ಲಿನ ಹೊಟ್ಟಿನ ಬೂದಿ ರಾಶಿನೂ ಹಂಗೇ, ಅದನ್ನ ತಗದೇ ಕಟ್ಟಬೇಕು.

ಟ್ಯಾನರಿ, ಬಣ್ಣ, ರಾಸಾಯನಿಕ ಏನಾದ್ರೂ ಇದ್ದಿದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಾದೇಶಿಕ ಕಚೇರ್ಯಾಗ ಹಳೇ ಕನ್ಸೆಂಟ್ (ಕಾರಖಾನಿ ನಡೆಸಾಕ ಮಂಡಳಿ ಕೊಟ್ಟ ಒಪ್ಪಿಗಿ) ಫೈಲ್ ಕೇಳ್ರಿ, ಏನು ತಯಾರಿಸ್ತಿದ್ರು, ಏನು ಹೊರಗ ಬಿಡ್ತಿದ್ರು ಎಲ್ಲ ಅದರಾಗ ಇರ್ತದ. ಮಣ್ಣು, ನೀರು ಎನ್‌ಎಬಿಎಲ್ ಮಾನ್ಯತೆ ಇದ್ದ ಲ್ಯಾಬಿಗಿ ಕೊಟ್ಟು ಭಾರಲೋಹ, ಎಣ್ಣಿ ಅಂಶ ನೋಡಿಸ್ರಿ. ಕಲುಷಿತ ಜಾಗಾಗಳಿಗಂತ 2025ರಾಗ ಕೇಂದ್ರ ಸರ್ಕಾರ ಬ್ಯಾರೆ ನಿಯಮಾನೇ ತಂದದ, ಕೆಟ್ಟ ರಿಪೋರ್ಟ್ ಬಂದ್ರ ಮುಚ್ಚಿಡಾಕ ಹೋಗಬ್ಯಾಡ್ರಿ, ಅಲ್ಲಿ ಮನಿ ಬಿಟ್ಟು ಬ್ಯಾರೆ ಏನಾದ್ರೂ ಯೋಚನಿ ಮಾಡ್ರಿ. ಬಾವಿ, ಬೋರು ನೀರಿನಾಗ ಫ್ಲೋರೈಡ್ ಅಂತೂ ಯಾವ ಮಿಲ್ ಇದ್ರೂ ನೋಡಿಸ್ಲೇಬೇಕು, ನಮ್ ಭಾಗದಾಗ ಅದು ಮೊದಲಿಂದ ಇರೋ ಪೀಡೆ.

ಇನ್ನ ಮ್ಯಾಲಿನ ಶೀಟು. ಹಳೇ ಶೆಡ್ಡಿನ ಬೂದಿ ಬಣ್ಣದ ಸಿಮೆಂಟ್ ಶೀಟಿನಾಗ ಆಸ್ಬೆಸ್ಟಾಸ್ ಇರ್ತದ. ಒಡದ್ರ, ಕೊಯ್ದ್ರ ಎದ್ದ ಧೂಳು ಪುಪ್ಪುಸದಾಗ ಕುಂತು ಭಾಳ ವರ್ಷದ ಮ್ಯಾಲ ಕ್ಯಾನ್ಸರ್ ತರ್ತದ. ಶೀಟಿಗಿ ನೀರು ಹೊಡದು ತೊಯ್ಸಿ, ಬೋಲ್ಟ್ ಬಿಚ್ಚಿ, ಇಡೀ ಶೀಟೇ ಕೆಳಗ ಇಳಸ್ರಿ, ಮ್ಯಾಲಿಂದ ಒಗಿಬ್ಯಾಡ್ರಿ. ಸಾದಾ ಬಟ್ಟಿ ಮಾಸ್ಕ್ ಸಾಲಂಗಿಲ್ಲ. ಇಳಿಸಿದ ಶೀಟ್ ಊರ ಮಂದಿಗಿ ದನದ ಕೊಟ್ಟಿಗಿಗಿ ಹಂಚೋದೂ ಬ್ಯಾಡ, ಪ್ಲಾಸ್ಟಿಕಿನಾಗ ಸುತ್ತಿ ಅಪಾಯಕಾರಿ ತ್ಯಾಜ್ಯ ಒಯ್ಯೋವರಿಗೇ ಕೊಡ್ರಿ. ಇಳಸಾಕ ಬಂದ ಕೂಲಿಯವರಿಗಿ ಇದನ್ನ ತಿಳಿಸಿ ಹೇಳೋ ಜವಾಬ್ದಾರಿ ನಿಮ್ಮದು.

ಹಂತ 4: ಮಣ್ಣು ತಡೀತದೇನು

ಕಲಬುರಗಿ, ಯಾದಗಿರಿ ಕಡಿ ಎರೆಮಣ್ಣು. ಮಳ್ಯಾಗ ಉಬ್ಬತದ, ಬ್ಯಾಸಗ್ಯಾಗ ಬಿರಕ ಬಿಡ್ತದ, ಜೋಡಿಗಿ ಗ್ವಾಡಿನೂ ಬಿರಕ ಬಿಡ್ತದ. ಬೀದರ್ ಕಡಿ ಕೆಂಪು ಜಂಬಿಟ್ಟಿಗಿ ನೆಲ, ಅಲ್ಲಿ ಕೆಲಸ ಸುಲಭ. ಮಣ್ಣು ಪರೀಕ್ಷೆ ಒಂದೇ ತಗ್ಗಿನಾಗ ಮಾಡಿಸಿ ಮುಗಿಸಬ್ಯಾಡ್ರಿ, ಮಿಲ್ಲಿನ ಜಾಗಾದಾಗ ಒಂದು ಕಡಿ ಮೂಲ ಮಣ್ಣು, ಇನ್ನೊಂದು ಕಡಿ ತುಂಬಿದ ಮಣ್ಣು, ಮತ್ತೊಂದು ಕಡಿ ಕಾಳು ಮ್ಯಾಲ ಎತ್ತೋ ಎಲಿವೇಟರಿನ ಮುಚ್ಚಿದ ಗುಂಡಿ ಇರ್ತದ. ಹಳೇ ಹಮಾಲರನ್ನ ಕರದು ಒಂದು ಸುತ್ತು ಹಾಕಸ್ರಿ, ಯಾವ ಗುಂಡಿ ಎಲ್ಲಿ ಮುಚ್ಯಾರ ಅನ್ನೋದು ಅವರಿಗಿ ಗೊತ್ತಿದ್ದಷ್ಟು ಯಾವ ನಕ್ಷೆಗೂ ಗೊತ್ತಿರಂಗಿಲ್ಲ.

ಎರಿ ಆಳ ಇದ್ರ ಎಂಜಿನಿಯರ್ ಅಂಡರ್‌ರೀಮ್ಡ್ ಪೈಲ್ ಹೇಳಬಹುದು, ಅದು ತಳದಾಗ ದಪ್ಪಗ ಉಬ್ಬಿಸಿದ ಕಾಂಕ್ರೀಟ್ ಕಂಬ, ಮಣ್ಣು ಉಬ್ಬಿ-ಕುಗ್ಗೋ ಪದರ ದಾಟಿ, ಸಾಮಾನ್ಯವಾಗಿ ಮೂರೂವರಿ ಮೀಟರಿನ ಆಸುಪಾಸು ಕೆಳಗ ಇಳೀತದ. ಸಣ್ಣ ಅಂಗಡಿ ಸಾಲಿಗಿ ಎರಿ ತಗದು ಮುರುಮ್ ತುಂಬಿ ಕುಟ್ಟಿ ಮಾಡೋದೂ ಅದ. ಯಾವದಿದ್ರೂ ಗ್ವಾಡಿ ಸುತ್ತ ನೀರು ನಿಲ್ಲದಂಗ ಫರ್ಸಿ ಹಾಸಿ ಇಳಿಜಾರು ಕೊಡ್ರಿ, ಬುಡಕ್ಕ ನೀರು ಹೋಗೋದು ನಿಂತ್ರ ಅರ್ಧ ಬಿರಕ ನಿಂತಂಗ.

ಭೂಕಂಪ ನಮ್ ಕಡಿ ಇಲ್ಲ ಅನಬ್ಯಾಡ್ರಿ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಆದದ್ದು ಆಳಂದ, ಬಸವಕಲ್ಯಾಣಕ್ಕ ಹತ್ತಿರದಾಗೇ, 2021ರಾಗ ಚಿಂಚೋಳಿ ತಾಲೂಕಿನ ಗಡಿಕೇಶ್ವರದಾಗ ಮ್ಯಾಲಿಂದ ಮ್ಯಾಲ ನೆಲ ನಡುಗಿ ಮಂದಿ ಹೊರಗ ಮಲಗಿದ್ರು. ಕಿಲ್ಲಾರ್ಯಾಗ ಅಷ್ಟು ಜೀವ ಹೋದದ್ದು ಮಣ್ಣಿನ ಗಾರೀಲೆ ಕಟ್ಟಿದ ದಪ್ಪ ಕಲ್ಲಿನ ಗ್ವಾಡಿ, ಮ್ಯಾಲ ಭಾರದ ಮಣ್ಣಿನ ಮಾಳಗಿ ಕುಸಿದು. ನಿಮ್ಮ ಹಳೇ ಮಿಲ್ಲಿನ ಗ್ವಾಡಿನೂ ಅದೇ ನಮೂನಿ ಇದ್ರ ಮ್ಯಾಲಿನ ಭಾರ ಇಳಸಿ, ಪ್ಲಿಂತ್ (ಪಾಯಾದ ಮ್ಯಾಲಿನ ನೆಲದ ಮಟ್ಟ), ಲಿಂಟಲ್ (ಬಾಗಿಲ-ಕಿಡಕಿ ಮ್ಯಾಲಿನ ಮಟ್ಟ), ಛತ್ತಿನ ಮಟ್ಟದಾಗ ಗ್ವಾಡಿ ಸುತ್ತ ಕಾಂಕ್ರೀಟ್ ಪಟ್ಟಿ ಕಟ್ಟಸಬೇಕು. ಅದು ಆಗಂಗಿಲ್ಲಂದ್ರ ಆ ಗ್ವಾಡಿ ಒಳಗ ಮನಿ ಬ್ಯಾಡ.

ಹಂತ 5: ಊರಿನ ಜೋಡಿ ಕುಂತು ಮಾತಾಡ್ರಿ

ಮಿಲ್ ಬಂದಾದ ಮ್ಯಾಲ ಆ ಜಾಗಾ ಊರಿಗಿ ಬ್ಯಾರೆ ಬ್ಯಾರೆ ಕೆಲಸಕ್ಕ ಬರ್ತಿರ್ತದ. ಹೊಲಕ್ಕ ಹೋಗೋ ಬಂಡಿದಾರಿ ಅಲ್ಲೇ ಹಾದಿರ್ತದ, ಗ್ವಾಡಿಗಿ ಹತ್ತಿ ಹಣಮಪ್ಪನ ಗುಡಿಯೋ ದರ್ಗಾನೋ ಇರ್ತದ, ಹಿಂದಿನ ಸಾಲು ಮನ್ಯಾಗ ಹಳೇ ಹಮಾಲರ ಕುಟುಂಬ ಇನ್ನೂ ಇರ್ತಾವ. ರಾತ್ರೋರಾತ್ರಿ ತಂತಿ ಬೇಲಿ ಹಾಕಿದ್ರ ಕೋರ್ಟಿನ ತಡೆಯಾಜ್ಞೆ ಬರ್ತದ, ಅದಕ್ಕಿಂತ ದೊಡ್ಡದು, ಅಂಗಡಿಗಿ ಬರಬೇಕಾದ ಮಂದೀನೇ ವೈರಿ ಆಗ್ತಾರ. ಅಲ್ಲಿ ಇದ್ದ ಕುಟುಂಬಗಳಿಗಿ ಪೈಲಾ ಮನಿಗಳನ್ನ ಕೊಡೋ ಮಾತು ಬರವಣಿಗ್ಯಾಗ ಮಾಡ್ಕೋರಿ, ಆ ಮಿಲ್ಲಿಗಿ ದುಡದು ಬೆನ್ನು ಬಗ್ಗಿಸಿದವರು ಅವರು.

ಅಂಗಡಿ ಎಷ್ಟು ಬೇಕು ಅನ್ನೋದನ್ನ ಸಂತಿ ದಿನ ಒಂದು, ಸಾದಾ ದಿನ ಒಂದು ಕುಂತು ನೋಡಿ ತೀರ್ಮಾನ ಮಾಡ್ರಿ. ಮಂದಿ ಯಾವ ಸಾಮಾನಿಗಿ ತಾಲೂಕಿಗಿ ಹೋಗ್ತಾರ, ಟಂಟಂ ಎಲ್ಲಿ ನಿಲ್ತಾವ, ಹೆಣ್ಮಕ್ಕಳು ಯಾವ ದಾರಿಲೆ ಬರ್ತಾರ. ಹಳ್ಯಾಗ ಮೂವತ್ತು ಶಟರ್ ಕಟ್ಟಿ ಇಪ್ಪತ್ತಕ್ಕ ಬೀಗ ಹಾಕಿ ಕುಂತದ್ದು ರೋಡಿನುದ್ದಕ್ಕೂ ಕಾಣ್ತದ. ಪೈಲಾ ಆರೇಳು ಅಂಗಡಿ ಸಾಕು, ತುಂಬಿದ ಮ್ಯಾಲ ಬೆಳಸ್ರಿ.

ಹಂತ 6: ಏನು ಉಳಸೋದು, ಏನು ಕೆಡವೋದು

ಗಟ್ಟಿ ಇದ್ದ ಗೋದಾಮು, ಕಬ್ಬಿಣದ ಟ್ರಸ್ (ಛತ್ತಿನ ಚೌಕಟ್ಟು), ತೊಗರಿ ಒಣಸೋ ಫರ್ಸಿ ಅಂಗಳ, ದೊಡ್ಡ ಬೇವಿನ ಮರ, ಬಾವಿ, ಇವಿಷ್ಟೂ ಉಳಸ್ರಿ ಅನ್ನೋದು ನನ್ನ ಖಡಕ್ ಅಭಿಪ್ರಾಯ. ಏಪ್ರಿಲ್-ಮೇದಾಗ 42-43 ಡಿಗ್ರಿ ಬಿಸಿಲಿನ ಊರಾಗ ಎತ್ತರದ ಛತ್ತಿನ ಗೋದಾಮಿನಷ್ಟು ತಂಪು ಅಂಗಡಿ ಹೊಸದಾಗಿ ಕಟ್ಟಬೇಕಂದ್ರ ಎಷ್ಟು ಖರ್ಚದ ಕೇಳಿ ನೋಡ್ರಿ. ಆಸ್ಬೆಸ್ಟಾಸ್ ತಗದ ಜಾಗಾದಾಗ ಇನ್ಸುಲೇಟೆಡ್ ಶೀಟ್ ಹಾಕಿ, ಒಳಗ ಇಟ್ಟಂಗಿ ಗ್ವಾಡಿಲೆ ಭಾಗ ಮಾಡಿದ್ರ ಅಂಗಡಿ ಸಾಲು ತಯಾರು. ಅಂಗಳಾನ ಸಂತಿಗಿ ಬಿಡ್ರಿ. ಕಿತ್ತ ಶಾಬಾದಿ ಕಲ್ಲು ಮಾರಬ್ಯಾಡ್ರಿ, ಮನಿ ಮುಂದಿನ ಕಟ್ಟಿ, ಗಟಾರದ ಮುಚ್ಚಳ, ಓಣಿ ಹಾಸಿಗಿಗಿ ಅದೇ ಬರ್ತದ. ಬಾವಿಗಿ ಎದಿ ಮಟ್ಟ ಕಟ್ಟಿ, ಮ್ಯಾಲ ಜಾಳಗಿ ಮೊದಲ ದಿನಾನೇ ಆಗಬೇಕು.

ಮನಿಗಳನ್ನ ಹಿಂದಕ್ಕ ಹಾಕ್ರಿ, ಅಂಗಡಿ ಲಾರಿ ಬರೋ ದಾರಿ ಬ್ಯಾರೆ, ಮನಿ ಮಂದಿ ದಾರಿ ಬ್ಯಾರೆ. ವೆಲ್ಡಿಂಗ್, ಗಿರಣಿ, ಕೋಳಿ ಅಂಗಡಿ ಒಂದು ಮೂಲಿಗಿ. ಕೀಟನಾಶಕ ಮಾರೋ ಅಂಗಡಿ ಕಿರಾಣಿ ಪಕ್ಕಕ್ಕೂ ಬ್ಯಾಡ, ಮನಿ ಕೆಳಗೂ ಬ್ಯಾಡ.

ಭೀಮಾ, ಕಾಗಿಣಾ ದಂಡಿ ಊರಿದ್ರ 2020ರ ಅಕ್ಟೋಬರ್ ನೆರಿ ನೀರು ಎಲ್ಲಿ ತನಕ ಬಂದಿತ್ತಂತ ಗ್ವಾಡಿ ಮ್ಯಾಲ ಗುರ್ತು ಕೇಳ್ರಿ, ಪ್ಲಿಂತ್ ಅದಕ್ಕಿಂತ ಮ್ಯಾಲ ಇರ್ಲಿ.

ಒಂದು ಎಕರೆ ಅಂದ್ರ 40 ಗುಂಟೆ, 43,560 ಚದರ ಅಡಿ. ಇದಿಷ್ಟೂ ಮಾರಬಹುದಂತ ಲೆಕ್ಕ ಹಾಕಬ್ಯಾಡ್ರಿ, ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗಾ ಬಿಟ್ರ ಕೈಯಾಗ ಉಳಿಯೋದು ಅರ್ಧದ ಆಸುಪಾಸು.

ಹಂತ 7: ಪರವಾನಗಿ, ಇದೇ ಕ್ರಮದಾಗ

1. ಪೈಲಾ ಜಾಗಾ ಪ್ರಾಧಿಕಾರದ ವ್ಯಾಪ್ತ್ಯಾಗ ಅದನೋ ಇಲ್ಲೋ ಕೇಳ್ರಿ. ಕಲಬುರಗಿ, ಬೀದರ್, ಯಾದಗಿರಿ ಮೂರಕ್ಕೂ ನಗರಾಭಿವೃದ್ಧಿ ಪ್ರಾಧಿಕಾರ ಅವ, ಸುತ್ತಲಿನ ಹಳ್ಳಿನೂ ಅದರಾಗ ಸೇರಿರ್ತಾವ. ಹೊರಗಿದ್ರ ನಗರ ಯೋಜನಾ ಇಲಾಖೆ ಕಚೇರಿ.

2. ಮಾಸ್ಟರ್ ಪ್ಲಾನಿನಾಗ ಆ ಜಾಗಾ ಕೈಗಾರಿಕೆ ಬಣ್ಣದಾಗ ಇದ್ರ 1961ರ ನಗರ ಮತ್ತ ಗ್ರಾಮಾಂತರ ಯೋಜನಾ ಕಾಯ್ದೆ 14ಎ ಅಡಿ ಭೂ ಉಪಯೋಗ ಬದಲಾವಣೆ. ಪೇಪರಿನಾಗ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳ್ತಾರ, ಹಂತ 5 ಸರಿ ಮಾಡಿದ್ರ ಇಲ್ಲಿ ಆಕ್ಷೇಪಣೆ ಕಡಿಮಿ.

3. ಎನ್ಎ ಉದ್ದೇಶ ಬದಲಾವಣೆ ಡಿಸಿ ಕಚೇರ್ಯಾಗ.

4. ಲೇಔಟ್ ನಕ್ಷೆ ಮಂಜೂರಾತಿ, ಆಮ್ಯಾಲ ಪಂಚಾಯ್ತಿಯಿಂದ ಕಟ್ಟಡ ಪರವಾನಗಿ (1993ರ ಪಂಚಾಯತ್ ರಾಜ್ ಕಾಯ್ದೆ 64ನೇ ಕಲಂ).

5. ಇ-ಸ್ವತ್ತು, ಅಂದ್ರ ಪಂಚಾಯ್ತಿ ಆಸ್ತಿಯ ಕಂಪ್ಯೂಟರ್ ದಾಖಲಿ. ನಕ್ಷೆ ಮಂಜೂರಾದ, ಎನ್ಎ ಆದ ಆಸ್ತಿಗಿ ಫಾರ್ಮ್ 9 ಮತ್ತ 11ಎ ಬರ್ತದ. ಅವು ಇಲ್ಲದ ಆಸ್ತಿಗಿ ಕೊಡೋ 11ಬಿ ತೋರ್ಸಿ "ಎರಡೂ ಒಂದೇ" ಅಂದ್ರ ಒಂದೇ ಅಲ್ಲ, 11ಬಿ ಇದ್ದ ಆಸ್ತಿಗಿ ಬ್ಯಾಂಕುಗಳು ಹಿಂದ ಸರೀತಾವ.

6. ಮಾರಾಟ ಮಾಡೋರಿದ್ರ ರೇರಾ (ಮನಿ, ಸೈಟ್ ಮಾರೋ ಯೋಜನೆಗಳ ಕಾಯ್ದೆ) ನೋಂದಣಿ. ಮಿತಿ 500 ಚದರ ಮೀಟರ್ ಇಲ್ಲಾ 8 ಮನಿ, ಅಂದ್ರ ಸುಮಾರು 5 ಗುಂಟೆ ದಾಟಿದ್ರೇ ಲೆಕ್ಕಕ್ಕ ಬಂದಂಗ, ಮಿಲ್ಲಿನ ಜಾಗಾ ಸಾಮಾನ್ಯವಾಗಿ ಅದಕ್ಕಿಂತ ಸಣ್ಣದಿರಂಗಿಲ್ಲ. ಬರೀ ಬಾಡಿಗಿಗಿ ಕೊಡೋದಿದ್ರ ಬೇಕಾಗಿಲ್ಲ. ನೋಂದಣಿಗಿಂತ ಮೊದಲು ವಾಟ್ಸಾಪಿನಾಗ "ಬುಕಿಂಗ್ ಓಪನ್" ಅಂತ ಹಾಕಿದ್ರೂ ಜಾಹೀರಾತೇ, ದಂಡ ಯೋಜನಾ ವೆಚ್ಚದ 10% ತನಕ ಅದ. ಕೊಳ್ಳೋರಿಂದ ಬಂದ ರೊಕ್ಕದಾಗ 70% ಬ್ಯಾರೆ ಖಾತ್ಯಾಗ ಇಟ್ಟು ಅದೇ ಕಟ್ಟಡಕ್ಕ, ಜಮೀನಿಗೇ ಖರ್ಚು ಮಾಡ್ಬೇಕು.

ಮಂಜೂರಾತಿ ಬರೋಕಿಂತ ಮೊದಲು ಬಾಂಡ್ ಪೇಪರ್ ಮ್ಯಾಲ ಸೈಟ್ ಮಾರಬ್ಯಾಡ್ರಿ, ಮಾರಿದ ಮ್ಯಾಲ ನಕ್ಷೆ ಬದಲಾದ್ರ ಯಾರದೋ ಸೈಟ್ ರೋಡಿನಾಗ ಹೋಗ್ತದ. ಮಗಳ ಮದಿವಿಗಿ ಇಟ್ಟ ರೊಕ್ಕ ತಂದು ಕೊಟ್ಟಿರ್ತಾರ ಮಂದಿ.

ಹಂತ 8: ಈಗ ಜೆಸಿಬಿ

ಕೆಡವೋ ಮೊದಲು ಜೆಸ್ಕಾಂದಿಂದ ಲೈನ್ ಕತ್ತರಿಸಿದ ಪತ್ರ, ಟ್ರಾನ್ಸ್‌ಫಾರ್ಮರ್ ಎಣ್ಣಿ ಸರಿಯಾದವರ ಕೈಗಿ, ಆಸ್ಬೆಸ್ಟಾಸ್ ಹೊರಗ. ಚಿಮಣಿ ಇದ್ರ ಅದಕ್ಕ ಬ್ಯಾರೆ ಅನುಭವದವರೇ ಬೇಕು. ಮಳಿಗಾಲದಾಗ ಎರೆಮಣ್ಣಿನ ಕೆಲಸ ಹಿಡಿಬ್ಯಾಡ್ರಿ, ದೀಪಾವಳಿ ಮುಗದ ಮ್ಯಾಲ ಶುರು ಮಾಡಿದ್ರ ಪಾಯಾದ ಕೆಲಸಕ್ಕ ಒಣ ನೆಲ ಸಿಗ್ತದ.

ಗಟಾರ, ಸೆಪ್ಟಿಕ್ ಟ್ಯಾಂಕ್, ರಸ್ತೆ ಪೈಲಾ, ಆಮ್ಯಾಲ ಅಂಗಡಿ ಸಾಲು, ಅದರ ಬಾಡಿಗಿ ಬರಾಕ ಹತ್ತಿದ ಮ್ಯಾಲ ಮನಿ. ಸೆಪ್ಟಿಕ್ ಟ್ಯಾಂಕಿನ ಸೋಕ್ ಪಿಟ್ (ನೀರು ಇಂಗೋ ಗುಂಡಿ) ಎರೆಮಣ್ಣಿನಾಗ ಸರಿ ಕೆಲಸ ಮಾಡಂಗಿಲ್ಲ, ಅದಕ್ಕ ಬ್ಯಾರೆ ವ್ಯವಸ್ಥಾ ಎಂಜಿನಿಯರಿಗಿ ಕೇಳ್ರಿ, ಬಾವಿಯಿಂದ ದೂರ ಇಡಸ್ರಿ.

ಹಂತ 9: ಒಪ್ಪಿಸಿ ಕೊಡೋದು

ರಸ್ತೆ, ಪಾರ್ಕು ಜಾಗಾನ ನೋಂದಣಿ ಪತ್ರದ ಮೂಲಕ ಪಂಚಾಯ್ತಿಗಿ ಬಿಟ್ಟುಕೊಡ್ರಿ, ಬಾಯಿ ಮಾತಿನಾಗ ಬಿಟ್ರ ನಿಮ್ಮ ಮೊಮ್ಮಕ್ಕಳ ಕಾಲಕ್ಕ ಅದೇ ಜಾಗಾದ ಮ್ಯಾಲ ಕೇಸ್ ಬೀಳ್ತದ. ಅಂಗಡಿ ಬಾಡಿಗಿ ಕರಾರು 11 ತಿಂಗಳಿಗಿಂತ ಹೆಚ್ಚಿದ್ರ ನೋಂದಣಿ ಮಾಡಸ್ರಿ, ಡಿಪಾಸಿಟ್ ರಸೀದಿ ಕೊಡ್ರಿ. ಮನಿ ಕೊಂಡವರ ಹೆಸರಿಗಿ ಇ-ಸ್ವತ್ತು ಬದಲಾಗೋ ತನಕ ನಿಮ್ಮ ಕೆಲಸ ಮುಗದಿಲ್ಲ, ನೋಂದಣಿ ದಿನಾನೇ ಪಿಡಿಒ ಬಲ್ಲಿ ಅರ್ಜಿ ಹಾಕಿಸಿ, ಸ್ವೀಕೃತಿ ಚೀಟಿ ಅವರ ಕೈಗಿ ಕೊಡ್ರಿ.